ಓಟಿಜಿಯಲ್ಲಿ ಆಲೂಗಡ್ಡೆ: ಅಂಚು ಕಪ್ಪು, ನಡುವೆ ಹಸಿ, ಬಡಿಸುವ ಹೊತ್ತಿಗೆ ಮೆತ್ತಗೆ

ಬೆಣ್ಣೆನಗರಿ (ದಾವಣಗೆರೆ)
ಶನಿವಾರ ಸಂಜೆ 25 ಜನರ ಊಟ. ಪಲಾವ್ ಜೊತೆ ನೆಂಚಿಕೊಳ್ಳಲು ಬೇಕ್ ಮಾಡಿದ ಆಲೂಗಡ್ಡೆ, ಒಟ್ಟು 4 ಕೆಜಿ. ಮೊದಲು 2 ಕೆಜಿ ಮಾಡಿ ನೋಡಿದ್ದು ಕೆಟ್ಟಿತು. 30 ಲೀಟರ್ ಓಟಿಜಿ (ಕರೆಂಟಿನ ಚಿಕ್ಕ ಓವನ್), 1600 ವಾಟ್, ಫ್ಯಾನ್ ಇಲ್ಲ. ಹಸಿ ಹೋಳು ಒಂದಿಂಚು, ಕರಗಿಸಿದ ಬೆಣ್ಣೆ 100 ಗ್ರಾಂ. ಉಪ್ಪು, ಖಾರದಪುಡಿ, ಜಜ್ಜಿದ ಬೆಳ್ಳುಳ್ಳಿ ಮೊದಲೇ ಕಲಸಿದ್ದು. ಫಾಯಿಲ್ ಹಾಸಿದ ಒಂದೇ ಟ್ರೇ, 200 ಡಿಗ್ರಿ, 45 ನಿಮಿಷ. ಅಂಚಿನವು ಸುಟ್ಟವು, ನಡುವಿನವು ಬೆಳ್ಳಗೇ ಉಳಿದವು, ಕೆಲವು ಹಸಿ. ಬೆಳ್ಳುಳ್ಳಿ ಕಹಿ. ಅರ್ಧದಷ್ಟು ಫಾಯಿಲಿಗೆ ಅಂಟಿದವು. ಮಿಕ್ಕಿದ್ದು ಹಾಟ್‌ಬಾಕ್ಸಿನಲ್ಲಿ ಅರ್ಧ ಗಂಟೆಗೆ ಮೆತ್ತಗಾಯ್ತು. ಎಲ್ಲಿ ತಪ್ಪಿದೆ?

ಕೋಟೆ ಒಲೆ (ಚಿತ್ರದುರ್ಗ)
ಒಂದು ಟ್ರೇಗೆ 2 ಕೆಜಿ ತುಂಬಿದ್ದೇ ಮೊದಲ ತಪ್ಪು ರೀ. ಆಲೂಗಡ್ಡೆಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ. ಅಂದರೆ ಆ ಟ್ರೇಯಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನೀರಿತ್ತು. ಹೋಳಿಗೆ ಹೋಳು ತಾಗಿದ್ದರೆ ಆವಿ ಹೊರಗೆ ಹೋಗಲ್ಲ, ಇಡ್ಲಿ ಬೆಂದ ಹಾಗೆ ಬೇಯುತ್ತೆ. ಮೇಲ್ಮೈ ಒಣಗದೆ ಬಣ್ಣ ಬರಲ್ಲ. ಆ ಅಳತೆಯ ಟ್ರೇಗೆ 1 ಕೆಜಿ ಸಾಕು, ಹೋಳುಗಳ ನಡುವೆ ಬೆರಳು ತೂರುವಷ್ಟು ಜಾಗ ಇರಲಿ.

ಎರಡನೆಯದು, ಹಸಿ ಹೋಳು ಇಡಬೇಡಿ. 2 ಲೀಟರ್ ನೀರಿಗೆ 20 ಗ್ರಾಂ ಕಲ್ಲುಪ್ಪು, ಅರ್ಧ ಟೀಚಮಚ ಅಡುಗೆ ಸೋಡಾ. ಕುದಿ ಬಂದ ಮೇಲೆ ಹೋಳು ಹಾಕಿ 8ರಿಂದ 10 ನಿಮಿಷ. ಚಾಕು ಸುಲಭವಾಗಿ ಇಳಿಯಬೇಕು, ಆದರೆ ಹೋಳು ಒಡೆಯಬಾರದು. ಕುಕ್ಕರ್ ಬೇಡ, ಒಂದು ವಿಸಿಲ್ ಹೆಚ್ಚಾದರೆ ಪಲ್ಯ. ಸೋಡಾ ಹೊರ ಪದರವನ್ನು ಸಡಿಲ ಮಾಡುತ್ತೆ. ಬಸಿದು 10 ನಿಮಿಷ ಅಗಲವಾಗಿ ಹರಡಿ ಆವಿ ಬಿಡಿ, ಪಾತ್ರೆಗೆ ಹಾಕಿ ಮುಚ್ಚಳ ಹಿಡಿದು ನಾಲ್ಕು ಸಲ ಕುಲುಕಿ. ಮೇಲೆ ಹಿಟ್ಟು ಸವರಿದಂತೆ ಆಗುತ್ತೆ. ಗರಿಗರಿ ಆಗೋದು ಆ ಪದರವೇ. ಕುಲುಕೋದನ್ನು ಬಿಟ್ಟರೆ ಸೋಡಾ ಹಾಕಿದ್ದಕ್ಕೆ ಅರ್ಥವಿಲ್ಲ.

ನಿಮ್ಮದು ಬೋರ್‌ವೆಲ್ ನೀರಾ? ಗಡಸು ನೀರಿನ ಸುಣ್ಣದಂಶ ಆಲೂಗಡ್ಡೆಯನ್ನು ಗಟ್ಟಿ ಮಾಡುತ್ತೆ, ಹೋಳು ಬೇಗ ಮಣಿಯಲ್ಲ. ಹಾಗಿದ್ದರೆ ಗಡಿಯಾರ ಬಿಟ್ಟು ಚಾಕು ನಂಬಿ.

ಗಾಣದೆಣ್ಣೆ (ಚಳ್ಳಕೆರೆ)
ಬೆಣ್ಣೆ ಬಗ್ಗೆ. ದಾವಣಗೆರೆಯವರಿಗೆ ಬೆಣ್ಣೆ ಬಿಡಿ ಅನ್ನೋಕೆ ಧೈರ್ಯ ಬೇಕು, ಆದರೂ ಹೇಳ್ತೀನಿ. ಬೆಣ್ಣೆಯಲ್ಲಿ ನೀರೂ ಇದೆ, ಹಾಲಿನಂಶವೂ ಇದೆ. 200 ಡಿಗ್ರಿಯಲ್ಲಿ ಹಾಲಿನಂಶ ಸೀದು ಕಹಿಯಾಗುತ್ತೆ. ಕೆಜಿಗೆ 2 ದೊಡ್ಡ ಚಮಚ ಶೇಂಗಾ ಎಣ್ಣೆ, 1 ಚಮಚ ತುಪ್ಪ ಹಾಕಿ. ಬೆಣ್ಣೆಯ ರುಚಿ ಬೇಕಿದ್ದರೆ ಒಲೆಯಿಂದ ತೆಗೆದ ಮೇಲೆ 20 ಗ್ರಾಂ. ಬೆಳ್ಳುಳ್ಳಿ, ಖಾರದಪುಡಿ ಕೊನೆಯ 5 ನಿಮಿಷಕ್ಕೆ ಮಾತ್ರ.

ಫಾಯಿಲ್ ತೆಗೀರಿ. ಖಾಲಿ ಟ್ರೇಯನ್ನು 220 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಎಣ್ಣೆ ಸವರಿದ ಹೋಳು ಸುರಿಯಿರಿ. ಚುರ್ ಅನ್ನಬೇಕು. 20 ನಿಮಿಷ ಮುಟ್ಟಬೇಡಿ. ತಳ ಕೆಂಪಾದರೆ ತಾನೇ ಬಿಡುತ್ತೆ, ಮೊದಲೇ ಕೆರೆದರೆ ಅಂಟುತ್ತೆ. ತಿರುವಿ ಹಾಕಿ ಇನ್ನು 15 ನಿಮಿಷ. ಫ್ಯಾನ್ ಇಲ್ಲದ್ದಕ್ಕೆ ಆಗಲೇ ಟ್ರೇಯ ಹಿಂಬದಿ ಮುಂದೆ ಬರುವಂತೆ ತಿರುಗಿಸಿಡಿ.

ಬೆಣ್ಣೆನಗರಿ (ದಾವಣಗೆರೆ)
ಬೋರ್‌ವೆಲ್ ನೀರೇ ಸರ್. ಕೆಜಿಗೆ 35 ನಿಮಿಷ ಅಂದರೆ 4 ಕೆಜಿಗೆ ಎರಡೂವರೆ ಗಂಟೆ ಆಯ್ತಲ್ಲ? ಇಡಿಯಾಗಿ ಫಾಯಿಲ್ ಸುತ್ತಿ ಹಿಂದಿನ ರಾತ್ರಿಯೇ ಬೇಯಿಸಿಟ್ಟರೆ ನಡೆಯಲ್ವಾ? ಇನ್ನೊಂದು, ಕೆಲವು ಹೋಳು 15 ನಿಮಿಷಕ್ಕೇ ಕಡುಕಂದು ಆಗ್ತಿವೆ.

ಕೋಟೆ ಒಲೆ (ಚಿತ್ರದುರ್ಗ)
ಫಾಯಿಲ್ ಸುತ್ತಿ ಹೊರಗಿಡೋದು ಖಂಡಿತ ಬೇಡ. ಒಳಗೆ ಗಾಳಿ ಕಡಿಮೆ, ತೇವ, ಬೆಚ್ಚಗೆ. ಬಾಟ್ಯುಲಿಸಂ ವಿಷ (ಗಾಳಿಯಿಲ್ಲದ ಕಡೆ ಬೆಳೆಯೋ ಬ್ಯಾಕ್ಟೀರಿಯಾದ್ದು) ಹುಟ್ಟೋಕೆ ತಕ್ಕ ಜಾಗ. 1994ರಲ್ಲಿ ಅಮೆರಿಕದ ಎಲ್ ಪಾಸೋದಲ್ಲಿ ಫಾಯಿಲ್ ಸುತ್ತಿ ಬೇಯಿಸಿ ಹೊರಗೇ ಇಟ್ಟ ಆಲೂಗಡ್ಡೆಯಿಂದ ಮಾಡಿದ ಡಿಪ್ ತಿಂದು 30 ಜನ ಹಾಸಿಗೆ ಹಿಡಿದಿದ್ದರು.

ಹೀಗೆ ಮಾಡಿ. ಹಿಂದಿನ ದಿನ ಕುದಿಸಿ, ಬಸಿದು, ಆರಿಸಿ, ತಟ್ಟೆಯಲ್ಲಿ ಹರಡಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಮೇಲ್ಮೈ ಇನ್ನೂ ಒಣಗಿ ಒಳ್ಳೆಯದೇ ಆಗುತ್ತೆ. ಊಟಕ್ಕೆ ಎರಡು ಗಂಟೆ ಮೊದಲು ಶುರು ಮಾಡಿ, ಒಂದೊಂದು ಟ್ರೇಯನ್ನೂ 25 ನಿಮಿಷ, ತಿಳಿ ಬಂಗಾರದ ಬಣ್ಣಕ್ಕೆ ತೆಗೆದು ಹರಡಿಡಿ. ಜನ ಕೂತ ಮೇಲೆ 220ರಲ್ಲಿ 8 ನಿಮಿಷ ಬಿಸಿ ಮಾಡಿ ಸರದಿಯಂತೆ ಕಳಿಸಿ. ಎಲ್ಲ ಒಮ್ಮೆಲೇ ಮೇಜಿಗೆ ಬರಬೇಕು ಅನ್ನೋ ಹಟ ಬೇಡ. ಹಾಟ್‌ಬಾಕ್ಸ್, ಮುಚ್ಚಳ ಎರಡೂ ಬೇಡ. ಅಗಲ ತಟ್ಟೆಯೇ ಸರಿ.

ಕಡುಕಂದು ಬಣ್ಣ ಕೋಲ್ಡ್ ಸ್ಟೋರೇಜ್ ಮಾಲಿನ ಲಕ್ಷಣ. ತಣ್ಣಗಿಟ್ಟಾಗ ಪಿಷ್ಟ ಸಕ್ಕರೆಯಾಗುತ್ತೆ, ಸಕ್ಕರೆ ಬೇಗ ಕಂದಾಗುತ್ತೆ. ಕೊಂಡ ಮೇಲೆ ಒಂದು ಹೋಳು ಎಣ್ಣೆಯಲ್ಲಿ ಕರಿದು ನೋಡಿ. ಬೇಗ ಕಂದಾದರೆ ಬೇರೆ ಅಂಗಡಿಯ ಮಾಲು ತನ್ನಿ, ಇಲ್ಲವೇ 190ಕ್ಕೆ ಇಳಿಸಿ ಹೊತ್ತು ಹೆಚ್ಚಿಸಿ. ಹಸಿ ಆಲೂಗಡ್ಡೆಯನ್ನಂತೂ ಫ್ರಿಜ್‌ನಲ್ಲಿ ಇಡಲೇಬೇಡಿ, ಅದೂ ಇದೇ ಕತೆ.

ಪ್ಲಗ್ ಪಾಯಿಂಟ್ (ದಾವಣಗೆರೆ)
ಕರೆಂಟ್ ಕಡೆನೂ ನೋಡಿ. 1600 ವಾಟ್ ಅಂದರೆ 7 ಆಂಪಿಯರ್ ಎಳೆಯುತ್ತೆ. 16 ಆಂಪಿಯರ್ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ವೋಲ್ಟೇಜ್ 230ರಿಂದ 190ಕ್ಕೆ ಬಿದ್ದರೆ ಕಾಯಿಲ್ ಕೊಡೋದು 1100 ವಾಟ್ ಅಷ್ಟೇ. ಗುಂಡಿ 200 ತೋರಿಸಿದರೂ ಒಳಗೆ ಅಷ್ಟು ಇರಲ್ಲ. ಓವನ್ ಥರ್ಮಾಮೀಟರ್ ಒಂದು ಒಳಗಿಡಿ.

ಗಾಣದೆಣ್ಣೆ (ಚಳ್ಳಕೆರೆ)
ಬಡಿಸುವಾಗ ಮೇಲೆ ಗುರೆಳ್ಳು ಚಟ್ನಿಪುಡಿ, ಕೆಜಿಗೆ 2 ಚಮಚ. ಪುಡಿಯಲ್ಲಿ ಉಪ್ಪಿರುತ್ತೆ, ಕುದಿಸಿದ ನೀರಿನದ್ದೂ ಸೇರುತ್ತೆ. ರುಚಿ ನೋಡದೆ ಮತ್ತೆ ಉಪ್ಪು ಉದುರಿಸಬೇಡಿ.