40 ಎಕರೆ, ಮೊದಲ ಜಿಂಕೆ ಸೀಸನ್, 3,000 ಡಾಲರ್: ಮೊದಲು ಯಾವುದಕ್ಕೆ ಸುರಿಯಲಿ?

ಹಳ್ಳದಂಚು: ಮಿಸ್ಸೌರಿಯಲ್ಲಿ 40 ಎಕರೆ ಕೈಗೆ ಬಂದಿದೆ. 22 ಎಕರೆ ಹಳೇ ಟಾಲ್ ಫೆಸ್ಕ್ಯೂ ಹುಲ್ಲು, ಉಳಿದದ್ದು ಓಕ್, ಹಿಕರಿ ಕಾಡು. ನವೆಂಬರ್ ಬಂದೂಕು ಸೀಸನ್ನಿಗೆ ತಯಾರಿ, .308 ರೈಫಲ್ ಇದೆ. ಈ ವರ್ಷದ ಬಜೆಟ್ 3,000 ಡಾಲರ್. ಜಿಂಕೆಗೆ ಮೇವಿನ ತಾಕು ಮಾಡಲೋ, ನಾಟಿ ಹುಲ್ಲು (ಈ ನೆಲದ್ದೇ ಮೂಲ ಹುಲ್ಲು) ತರಲೋ, ಇಲ್ಲ ಮಾಂಸ ಮನೆಯಲ್ಲೇ ಕತ್ತರಿಸೋಕೆ ಫ್ರಿಜ್ಜು, ಗ್ರೈಂಡರ್ ತಗೊಳ್ಳಲೋ? ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಅವರೂ ತಿನ್ನೋರೇ. ಮಾಡಿ ನೋಡಿದವರು ಹೇಳಿ.

ನೀಲಿಹುಲ್ಲು: ಫೆಸ್ಕ್ಯೂ ಸಾಯಿಸದೆ ಒಂದು ಡಾಲರನ್ನೂ ಬಿಚ್ಚಬೇಡಿ. ಆ ಹುಲ್ಲು ನೆಲದ ಮೇಲೆ ಚಾಪೆ ಹಾಸಿಬಿಡುತ್ತೆ. ಕ್ವೇಲ್ ಹಕ್ಕಿಯ ಮರಿಗೆ ಓಡಾಡೋಕೆ ಬರಿನೆಲ ಬೇಕು, ಜಿಂಕೆಮರಿಗೆ ಅಡಗೋಕೆ ಎತ್ತರದ ಮರೆ ಬೇಕು, ಎರಡೂ ಅಲ್ಲಿ ಸಿಗಲ್ಲ. ಬೇಸಿಗೆ ಕೊನೆಗೆ ಮೇಯಿಸಿ ಅಥವಾ ಕೊಯ್ದು, ಮತ್ತೆ ಆರೆಂಟು ಇಂಚು ಚಿಗುರಿದ ಮೇಲೆ, ಅಕ್ಟೋಬರ್ ನವೆಂಬರಲ್ಲಿ ಗ್ಲೈಫೋಸೇಟ್ ಕಳೆನಾಶಕ ಎಕರೆಗೆ 2 ಕ್ವಾರ್ಟ್, ಜೊತೆಗೆ ಅಮೋನಿಯಂ ಸಲ್ಫೇಟ್. ಆ ಹೊತ್ತಿಗೆ ನಾಟಿ ಗಿಡಗಳು ಮಲಗಿರುತ್ತವೆ, ಫೆಸ್ಕ್ಯೂ ಒಂದೇ ಹಸಿರಾಗಿರುತ್ತೆ, ಏಟು ಅದಕ್ಕೇ ಬೀಳುತ್ತೆ. ವಸಂತದಲ್ಲಿ ಉಳಿದದ್ದಕ್ಕೆ ಇನ್ನೊಂದು ಸಲ. ಒಂದೇ ಸಲ ಹೊಡೆದು ಬಿತ್ತೋರೆಲ್ಲ ಮೂರನೇ ವರ್ಷ ವಾಪಸ್ ಫೆಸ್ಕ್ಯೂ ನೋಡ್ತಾರೆ.

ಬೀಜ ಕೊಳ್ಳುವಾಗ ಚೀಲದ ತೂಕ ನಂಬಬೇಡಿ, ಶುದ್ಧ ಜೀವಂತ ಬೀಜದ ಲೆಕ್ಕ ಕೇಳಿ. ಶುದ್ಧತೆ 80%, ಮೊಳಕೆ 75% ಅಂದ್ರೆ ಕೈಗೆ ಬರೋದು 60%. ಎಕರೆಗೆ 6 ಪೌಂಡ್ ಬೇಕಾದರೆ 10 ಪೌಂಡ್ ಚೀಲ ತರಬೇಕು. ಲಿಟ್ಲ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್‌ನಂಥ ನಾಟಿ ಹುಲ್ಲಿನ ಬೀಜಕ್ಕೆ ನವಿರು ರೋಮ ಇರೋದರಿಂದ ಸಾಮಾನ್ಯ ಬಿತ್ತೋ ಡ್ರಿಲ್ಲಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕಲಕುಗೋಲು ಇರುವ ನಾಟಿ ಹುಲ್ಲಿನ ಡ್ರಿಲ್ಲೇ ಬಾಡಿಗೆಗೆ ತನ್ನಿ. ಆಳ ಕಾಲು ಇಂಚು. ಅರ್ಧ ಇಂಚು ದಾಟಿದರೆ ದುಡ್ಡನ್ನು ಹೂತಂಗೆ. ಮೊದಲ ವರ್ಷ ಸಾರಜನಕ ಹಾಕಲೇಬೇಡಿ, ಕಳೆ ತಿಂದುಬಿಡುತ್ತೆ. ಕಳೆ ಮೊಣಕಾಲು ಮುಟ್ಟಿದಾಗೆಲ್ಲ ಎಂಟು ಹತ್ತು ಇಂಚಿಗೆ ಕತ್ತರಿಸಿ. ನನ್ನ ಬಿಲ್ಲು ಹೂಗಿಡ ಸೇರಿದ ಬೀಜಕ್ಕೆ ಎಕರೆಗೆ 260 ಡಾಲರ್. ಸ್ಪ್ರೇ, ಡ್ರಿಲ್ ಬೇರೆ. ದುಬಾರಿ ಅನ್ನೋರು ಅನ್ನಲಿ.

ಕ್ಲೋವರ್ ಗೌಡ: 22 ಎಕರೆಗೆ ಅವರ ಲೆಕ್ಕ ಹಾಕಿ: ಬೀಜಕ್ಕೇ 5,720. ಬಜೆಟ್ 3,000. ಪ್ರಶ್ನೆ ಓದಿದ್ದೀರಾ ಸ್ವಾಮಿ?

ಜಿಂಕೆ ಮೇವಿಗೆ ಒಂದೂವರೆ ಎಕರೆ ಬಿಳಿ ಕ್ಲೋವರ್ ಸೊಪ್ಪು ಸಾಕು. ಮೊದಲು ಮಣ್ಣು ಪರೀಕ್ಷೆ. ಪಿಎಚ್ 5.4 ಬಂದರೆ ಬೀಜ ಮರೆತು ಸುಣ್ಣ ತನ್ನಿ, ಎಕರೆಗೆ ಎರಡು ಟನ್ ಆಗಬಹುದು, ಅದು ಕೆಲಸ ಮಾಡೋಕೆ ಆರು ತಿಂಗಳಾದರೂ ಬೇಕು. ಗುರಿ 6.5. ಇಲ್ಲಿ ಎಲ್ಲರೂ ಉಳಿಸೋದು ಸುಣ್ಣದ ದುಡ್ಡು, ಕಳೆದುಕೊಳ್ಳೋದು ಗೊಬ್ಬರದ ದುಡ್ಡು; ಹುಳಿ ಮಣ್ಣಲ್ಲಿ ರಂಜಕ ಬೇರಿಗೆ ಸಿಗೋದೇ ಇಲ್ಲ. ಫೆಬ್ರವರಿಯಲ್ಲಿ ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವಾಗ ಎಕರೆಗೆ 5–6 ಪೌಂಡ್ ಎರಚಿದರೆ ಬಿರುಕಿಗೆ ತಾನೇ ಇಳಿಯುತ್ತೆ. ಬೀಜಕ್ಕೆ ರೈಜೋಬಿಯಂ (ಬೇರಿಗೆ ಸಾರಜನಕ ಹಿಡಿದುಕೊಡೋ ಬ್ಯಾಕ್ಟೀರಿಯಾ) ಲೇಪ ಇದೆಯಾ ನೋಡಿ. ಹುಲ್ಲು ನುಗ್ಗಿದರೆ ಕ್ಲೆಥೋಡಿಮ್, ಅದು ಹುಲ್ಲನ್ನಷ್ಟೇ ಕೊಲ್ಲುತ್ತೆ, ಕ್ಲೋವರ್ ಮುಟ್ಟಲ್ಲ.

ನೀಲಿಹುಲ್ಲು: 22 ಎಕರೆ ಒಂದೇ ವರ್ಷ ಬಿತ್ತಿ ಅಂತ ಎಲ್ಲಿ ಬರೆದಿದ್ದೇನೆ? ಐದು ಎಕರೆಯಿಂದ ಶುರು ಮಾಡಿ. ಎನ್‌ಆರ್‌ಸಿಎಸ್‌ನ (ಕೇಂದ್ರ ಕೃಷಿ ಇಲಾಖೆಯ ಸಂರಕ್ಷಣಾ ವಿಭಾಗ) ಈಕ್ವಿಪ್ ಯೋಜನೆಯಲ್ಲಿ ಖರ್ಚಿನ ಪಾಲು ಕೊಡ್ತಾರೆ, ರಾಜ್ಯದ ಸಂರಕ್ಷಣಾ ಇಲಾಖೆಯ ಖಾಸಗಿ ಜಮೀನು ಸಲಹೆಗಾರರು ಬಂದು ನೋಡಿ ಹೋಗೋದು ಪುಕ್ಕಟೆ. ಒಪ್ಪಂದಕ್ಕೆ ಸಹಿ ಆಗೋ ಮೊದಲೇ ಕೆಲಸ ಶುರು ಮಾಡಿದರೆ ಆ ಕೆಲಸಕ್ಕೆ ದುಡ್ಡು ಬರಲ್ಲ, ಇದೊಂದು ನೆನಪಿಡಿ. ನಿಮ್ಮ ಕ್ಲೋವರ್ ಆಗಸ್ಟ್ ಬರಕ್ಕೆ ಒಣಗಿದಾಗ ಜಿಂಕೆ ನನ್ನ ಹುಲ್ಲಲ್ಲಿ ಮಲಗಿರುತ್ತೆ.

ತಕ್ಕಡಿ: ಇಬ್ಬರೂ ಜಿಂಕೆ ಸಾಕ್ತಾ ಇರಿ. ಜಿಂಕೆ ಬಿದ್ದ ಮೇಲಿನ ಮೊದಲ ಗಂಟೆಗಳಲ್ಲೇ ಮಾಂಸದ ಹಣೆಬರಹ ತೀರ್ಮಾನ ಆಗುತ್ತೆ, ಅದನ್ನು ಯಾರೂ ಹೇಳ್ತಾ ಇಲ್ಲ.

ಬಿಸಿ ಉಳಿಯೋದು ತೊಡೆಯ ಒಳಗೆ, ಸೊಂಟದ ಕೀಲಿನ ಸುತ್ತ. ಹೊರಗೆ 50 ಡಿಗ್ರಿ ಫ್ಯಾರನ್‌ಹೀಟ್ ಮೀರಿದ್ದರೆ ಚರ್ಮ ತೆಗೆಯಲೇಬೇಕು. ಇಲ್ಲದಿದ್ದರೆ ಮೂಳೆಯ ಪಕ್ಕ ಹಸಿರುಗಟ್ಟಿ ಹುಳಿವಾಸನೆ ಬರುತ್ತೆ, ಹೊರಗಿನಿಂದ ಗೊತ್ತಾಗೋದೇ ಇಲ್ಲ. ಹಿಂಗಾಲಿನ ಒಳಮಂಡಿಯ ಕಪ್ಪು ಗ್ರಂಥಿ ಮುಟ್ಟಿದ ಚಾಕು, ಕೈಗವಸು ಮಾಂಸಕ್ಕೆ ತಾಗಬಾರದು. ಗುಂಡು ಹೊಟ್ಟೆಗೆ ಬಿದ್ದಿದ್ದರೆ ಪೈಪಿನ ನೀರು ಬಿಡಬೇಡಿ, ಕೊಳಕು ಹರಡುತ್ತೆ ಅಷ್ಟೆ. ತಾಗಿದ ಭಾಗ ಕತ್ತರಿಸಿ ಎಸೆಯಿರಿ, ಉಳಿದದ್ದನ್ನು ಕಾಗದದಲ್ಲಿ ಒರೆಸಿ.

ಇನ್ನೊಂದು ತುದಿಯ ತಪ್ಪು, ಬಿಸಿ ಮಾಂಸವನ್ನು ಬೇಗ ಮೂಳೆ ಬಿಡಿಸಿ ಐಸಿಗೆ ಹಾಕೋದು. ಸಾವಿನ ಸೆಡೆತ ಪೂರ್ತಿ ಹಿಡಿಯೋ ಮೊದಲೇ ಸ್ನಾಯು 50 ಡಿಗ್ರಿಗಿಂತ ಕೆಳಗೆ ಹೋದರೆ ಎಳೆ ಕುಗ್ಗಿ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ದಿನ ತಣ್ಣಗಿಟ್ಟು ಹದಮಾಡಿದರೂ ಪೂರ್ತಿ ಬಿಡಲ್ಲ. ಮೂಳೆಯ ಮೇಲೇ ಒಂದು ದಿನ ಬಿಡಿ. ಆಮೇಲೆ 34–38 ಡಿಗ್ರಿಯಲ್ಲಿ ಒಂದು ವಾರ. ಹಳೇ ಫ್ರಿಜ್ಜು 150 ಡಾಲರಿಗೆ ಸಿಗುತ್ತೆ, ಅಡ್ಡ ಅರೆ ತೆಗೆದು ಕಾಲುಗಳನ್ನು ನೇತುಹಾಕಿ, ಕೆಳಗೆ ತಟ್ಟೆ, ಒಳಗೆ ಸಣ್ಣ ಫ್ಯಾನು, ಬಾಗಿಲಿನ ಥರ್ಮಾಮೀಟರ್ ನಂಬದೆ ಬೇರೆಯದೊಂದು. ಐಸ್ ಪೆಟ್ಟಿಗೆಯೇ ಗತಿ ಅಂದ್ರೆ ಬಿರಡೆ ತೆಗೆದು ಓರೆ ಇಡಿ, ಮಾಂಸ ನೀರಲ್ಲಿ ಈಜಬಾರದು.

ಜಿಂಕೆ ಕೊಬ್ಬು ಮೇಣದ ಥರ ಬಾಯಿಗೆ ಅಂಟುತ್ತೆ, ಪೂರ್ತಿ ತೆಗೀರಿ. ಕೀಮಾಗೆ ಹಂದಿ ಬೆನ್ನುಕೊಬ್ಬು 15%, ಎರಡೂ ಅರೆ ಹೆಪ್ಪುಗಟ್ಟಿರಬೇಕು, ಗ್ರೈಂಡರಿಗೆ ಮೊದಲು 10 ಮಿ.ಮೀ. ತೂತಿನ ತಟ್ಟೆ, ಆಮೇಲೆ 4.5. ಕೊಬ್ಬು ಎಳೆಯಾಗಿ ಬರದೆ ಪೇಸ್ಟ್ ಆಗ್ತಿದ್ದರೆ ಅಲಗು ಮೊಂಡು, ಇಲ್ಲ ಬಿಳಿ ಪೊರೆ ಸುತ್ತಿಕೊಂಡಿದೆ. ಅಂಗಡಿಗೆ ಕೊಡೋದಂತೂ ಬೇಡ. ಸಾಸೇಜ್ ಅಂದ್ರೆ ಬಹಳ ಕಡೆ ಹತ್ತು ಜನರ ಜಿಂಕೆ ಒಂದೇ ತೊಟ್ಟಿಗೆ. ಕರುಳು ತೆಗೆದು 120 ಪೌಂಡ್ ತೂಗಿದ ಜಿಂಕೆ 50ರ ಆಸುಪಾಸು ಮಾಂಸ ಕೊಡಬೇಕು. ನನಗೆ ವಾಪಸ್ ಬಂದದ್ದು 31. ಬಿಲ್ಲು 140 ಡಾಲರ್.

ಹದ್ದಿನಕಣ್ಣು: ಮಕ್ಕಳು ತಿನ್ನೋರು ಅಂತ ಬರೆದಿದ್ದಾರೆ, ಗುಂಡಿನ ವಿಷಯ ಯಾರೂ ಎತ್ತಿಲ್ಲ. ಸೀಸದ ಗುಂಡು ಒಡೆದರೆ ಕಣಗಳು ಗಾಯದಿಂದ ಒಂದಡಿ ದೂರಕ್ಕೂ ಹೋಗುತ್ತವೆ, ಕಣ್ಣಿಗೆ ಕಾಣಲ್ಲ, ನಾಲಿಗೆಗೆ ತಿಳಿಯಲ್ಲ. ಗ್ರೈಂಡರಿಗೆ ಹೋದರೆ ಇಡೀ ಬ್ಯಾಚಿಗೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಸುರಕ್ಷಿತ ಅನ್ನೋ ಮಟ್ಟವೇ ಇಲ್ಲ ಅಂತ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಹೇಳುತ್ತೆ. ಬಿಟ್ಟು ಬಂದ ಕರುಳು ತಿಂದ ಹದ್ದಿಗೂ ಅದೇ ವಿಷ. ನೀರುಹಕ್ಕಿ ಬೇಟೆಗೆ ಸೀಸದ ಚರೆ ದೇಶಾದ್ಯಂತ 1991ರಲ್ಲೇ ನಿಂತಿತು, ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ನಿಲ್ಲಿಸಿತು. .308ಗೆ 150 ಗ್ರೇನ್ ತೂಕದ ಪೂರ್ತಿ ತಾಮ್ರದ ಗುಂಡು ತಗೊಳ್ಳಿ.

ಹಳೇಬಂದೂಕು: ಬಂತು ಉಪದೇಶ. 20 ಗುಂಡಿಗೆ 55 ಡಾಲರ್, ಅದೂ ಅರಳದೆ ಸೂಜಿಯಂಗೆ ತೂರಿ ಹೋಗುತ್ತೆ, ಜಿಂಕೆ ಅರ್ಧ ಮೈಲಿ ಓಡುತ್ತೆ. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಬಿಸಾಕಿದರೆ ಸೀಸದಿಂದ ಯಾರಿಗೂ ಏನೂ ಆಗಲ್ಲ.

ಹದ್ದಿನಕಣ್ಣು: ಒಂದಡಿ ಸುತ್ತ ಕತ್ತರಿಸಿದರೆ ಎರಡೂ ಮುಂಗಾಲು ಹೋಯ್ತು, ಆ ಮಾಂಸದ ಬೆಲೆ ನಿಮ್ಮ 55ಕ್ಕಿಂತ ಹೆಚ್ಚು. ತಾಮ್ರ ಅರಳದೆ ಇರೋದು ವೇಗ ಸಾಲದೆ. ಸೆಕೆಂಡಿಗೆ 2,000 ಅಡಿ ಮೇಲಿರಬೇಕು, ಅದಕ್ಕೇ 180 ಗ್ರೇನ್ ಬಿಟ್ಟು 150 ಅಥವಾ 130ಕ್ಕೆ ಇಳಿಯೋದು. ಕಾಡಿನ ದೂರದಲ್ಲಿ ಅದು ಪ್ರಶ್ನೆಯೇ ಅಲ್ಲ. ಭುಜದ ಹಿಂದೆ ಪಕ್ಕೆಲುಬಿಗೆ ಹೊಡೆಯೋ ಬದಲು ಭುಜದ ಮೂಳೆಗೆ ಕೊಡಿ. ಹಳೇ ಗುಂಡಿನ ಜಿಡ್ಡು ನಳಿಗೆಯಲ್ಲಿ ಇರುವಾಗಲೇ ತಾಮ್ರ ಹಾಕಿ ಗುರಿ ಚದುರಿತು ಅನ್ನೋರೇ ಬಹಳ. ತಾಮ್ರ ಕರಗಿಸೋ ದ್ರಾವಣದಲ್ಲಿ ಪೂರ್ತಿ ತೊಳೆದು, ಹೊಸದಾಗಿ ಗುರಿ ಕೂಡಿಸಿ.

ಹಳೇಬಂದೂಕು: ನಮ್ಮ ಗುಂಡಿನ ತೆರಿಗೆಯಲ್ಲೇ ಈ ದೇಶದ ಕಾಡು ಉಳಿದಿರೋದು. 1937ರ ಪಿಟ್ಮನ್–ರಾಬರ್ಟ್‌ಸನ್ ಕಾಯ್ದೆ, ರೈಫಲ್ಲಿಗೂ ಗುಂಡಿಗೂ 11%. ಬೇಟೆಗಾರ ದುಡ್ಡು ಕಟ್ಟಿ, ಬೈಗುಳವೂ ತಿನ್ನಬೇಕಾ?

ನೀಲಿಹುಲ್ಲು: ಆ ತೆರಿಗೆ ಕಟ್ಟೋರಲ್ಲಿ ಕಾಡಿಗೆ ಕಾಲಿಡದೆ ಗುರಿಹಲಗೆಗೆ ಹೊಡೆಯೋರೇ ಬಹಳ, 1970ರಿಂದ ಕೈಬಂದೂಕೂ ಸೇರಿದೆ, 10%. ಇನ್ನು ಮಿಸ್ಸೌರಿಯಲ್ಲಂತೂ 1976ರಲ್ಲಿ ಜನರೇ ಮತ ಹಾಕಿ ಮಾರಾಟ ತೆರಿಗೆಯ ಎಂಟನೇ ಒಂದು ಸೆಂಟನ್ನು ಸಂರಕ್ಷಣೆಗೆ ಕೊಟ್ಟಿದ್ದಾರೆ. ಸೋಪು ಕೊಂಡವರೂ ನೂರು ಡಾಲರಿಗೆ ಹನ್ನೆರಡೂವರೆ ಸೆಂಟ್ ಕಟ್ತಾರೆ. ಒಬ್ಬರ ಗಂಟಲ್ಲ ಅದು. ನಿಜಕ್ಕೂ ಕಾಡಿಗೆ ಕೊಡಬೇಕು ಅನ್ನಿಸಿದರೆ 25 ಡಾಲರಿನ ಡಕ್ ಸ್ಟ್ಯಾಂಪ್ (ನೀರುಹಕ್ಕಿ ಬೇಟೆಗೆ ಬೇಕಾದ ಕೇಂದ್ರದ ಚೀಟಿ) ಕೊಳ್ಳಿ, ಡಾಲರಿಗೆ 98 ಸೆಂಟ್ ಜೌಗು ನೆಲಕ್ಕೇ ಹೋಗುತ್ತೆ.

ಕ್ಲೋವರ್ ಗೌಡ: ತೆರಿಗೆ ಪಾಠಕ್ಕೆ ಬೇರೆ ಚರ್ಚೆ ತೆಗೀರಪ್ಪ.

ಗಂಟಲಗ್ರಂಥಿ: ಕೀಮಾ ಮಾಡೋ ಮೊದಲು ಸಿಡಬ್ಲ್ಯುಡಿ (ಜಿಂಕೆಯ ಮಿದುಳು ಹಾಳುಮಾಡಿ ಕೊಲ್ಲೋ ರೋಗ) ಪರೀಕ್ಷೆ. ತಲೆಯನ್ನು ಕುತ್ತಿಗೆಯ ಆರು ಇಂಚು ಸಮೇತ ಕೊಟ್ಟರೆ ಗಂಟಲ ಹಿಂದಿನ ದುಗ್ಧಗ್ರಂಥಿ ತೆಗೀತಾರೆ. ತಲೆಯನ್ನು ತಣ್ಣಗಿಡಿ. ಫಲಿತಾಂಶ ಬರೋವರೆಗೆ ಆ ಜಿಂಕೆಯ ಪೊಟ್ಟಣಗಳ ಮೇಲೆ ಟ್ಯಾಗ್ ನಂಬರ್ ಬರೆದು ಬೇರೆ ಇಡಿ. ರೋಗ ಇದ್ದರೆ ತಿನ್ನಬೇಡಿ ಅನ್ನೋದೇ ಸಿಡಿಸಿ ಸಲಹೆ. ಈ ರೋಗ ತರೋ ಕೆಟ್ಟ ಪ್ರೋಟೀನು, ಅಂದ್ರೆ ಪ್ರಿಯಾನ್, ಬೇಯಿಸಿದರೆ ಸಾಯಲ್ಲ. ಬೆನ್ನುಹುರಿ ಗರಗಸದಲ್ಲಿ ಸೀಳಬೇಡಿ, ಕೀಲಲ್ಲೇ ಬಿಡಿಸಿ. ಚಾಕು ಮೊದಲು ಉಜ್ಜಿ ತೊಳೆದು, ಮನೆ ಬ್ಲೀಚಿನ 40% ದ್ರಾವಣದಲ್ಲಿ ಐದು ನಿಮಿಷ. ಮಾಂಸದ ಚೂರು ಅಂಟಿದ್ದರೆ ಅದರೊಳಕ್ಕೆ ಬ್ಲೀಚ್ ಇಳಿಯಲ್ಲ. ಮೇವಿನ ತಾಕಿಗೆ ಜೋಳ ಸುರಿದು ಹತ್ತಾರು ಜಿಂಕೆ ಒಂದೇ ಕಡೆ ಮೂತಿ ಇಡೋ ಹಾಗೆ ಮಾಡೋರಿಗೂ ಇದೇ ಮಾತು.

ಕ್ಲೋವರ್ ಗೌಡ: ಕ್ಲೋವರ್ ಬೆಳೆ. ಜೋಳ ಸುರಿಯೋದು ಬೇರೆ. ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ.

ಕುಕ್ಕರ್ ಕೂಗು: ಮೀನಖಂಡ ಕೀಮಾಗೆ ಹಾಕೋರ ಮೇಲೆ ಕೇಸು ಹಾಕಬೇಕು. ಅದರಲ್ಲಿರೋ ಕೊಲಾಜನ್ ಕರಗಿ ಜೆಲಾಟಿನ್ ಆದರೆ ಸಾರು ತುಟಿಗೆ ಅಂಟುತ್ತೆ. ಮೂಳೆ ಸಮೇತ ಕೆಂಪಗೆ ಹುರಿದು, ಈರುಳ್ಳಿ, ಕರಿಮೆಣಸು, ಹುರಿದ ಜೀರಿಗೆ ಕೊತ್ತಂಬರಿ, ಅರ್ಧ ಮುಳುಗುವಷ್ಟು ನೀರು, ಕುಕ್ಕರಲ್ಲಿ ಸಣ್ಣ ಉರಿ ಮುಕ್ಕಾಲು ಗಂಟೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಕೊನೆಗೆ, ಎರಡು ಪೌಂಡಿಗೆ ಒಂದು ಚಮಚ. ಬೆನ್ನಿನ ಪಟ್ಟಿಯನ್ನು ಮಾತ್ರ ಕುಕ್ಕರಿಗೆ ತೋರಿಸಲೂಬೇಡಿ: ಕಾದ ಕಬ್ಬಿಣದ ಬಾಣಲೆ, ಒಳಗೆ 125 ಡಿಗ್ರಿ ಫ್ಯಾರನ್‌ಹೀಟ್ ಬಂದಾಗ ಇಳಿಸಿ ಹತ್ತು ನಿಮಿಷ ಬಿಡಿ.

ತಕ್ಕಡಿ: ಕುಕ್ಕರಲ್ಲಿ ಎಳೆ ಎಳೆ ಒಣಗುತ್ತೆ. ಮುಚ್ಚಿದ ಪಾತ್ರೆ, 300 ಡಿಗ್ರಿ ಓವನ್, ಮೂರೂವರೆ ಗಂಟೆ.

ಕುಕ್ಕರ್ ಕೂಗು: ಒತ್ತಡ ತಾನಾಗಿ ಇಳಿಯೋಕೆ ಬಿಡದೆ ಸೀಟಿ ಎತ್ತಿದರೆ ಒಣಗುತ್ತೆ. ಇಪ್ಪತ್ತು ನಿಮಿಷ ಕಾಯೋಕೆ ಆಗದವರು ಮೂರೂವರೆ ಗಂಟೆ ಕಾಯ್ತಾರಂತೆ. ಇನ್ನು 125 ಅಂದದ್ದು ಜಿಂಕೆಗೆ ಮಾತ್ರ. ಕಾಡುಹಂದಿ, ಕರಡಿ ಆದರೆ 160. ಟ್ರೈಕಿನೆಲ್ಲಾ ಇರುತ್ತೆ, ಕರಡಿಯಲ್ಲಿರೋ ಜಾತಿ ಫ್ರೀಜರಿನಲ್ಲೂ ಬದುಕುತ್ತೆ.

ಹಳ್ಳದಂಚು: ಹಾಗಾದರೆ ಅಕ್ಟೋಬರಲ್ಲಿ ಸ್ಪ್ರೇ ಐದು ಎಕರೆಗೆ, ಹಳೇ ಫ್ರಿಜ್ಜು, ಎರಡು ಡಬ್ಬಿ ತಾಮ್ರ. ಉಳಿದದ್ದು ಬೀಜಕ್ಕೆ. ಸರಿನಾ?

ನೀಲಿಹುಲ್ಲು: ಸ್ಪ್ರೇಗೆ ಮೊದಲು ಸಲಹೆಗಾರರನ್ನು ಕರೆಸಿ, ಈಕ್ವಿಪ್ ಅರ್ಜಿ ಹಾಕಿ. ಈಗಲೇ ಹೊಡೆದರೆ ಆ ಐದು ಎಕರೆಗೆ ಪಾಲು ಸಿಗಲ್ಲ.

ಕ್ಲೋವರ್ ಗೌಡ: ಮಣ್ಣು ಪರೀಕ್ಷೆ ಇನ್ನೂ ಪಟ್ಟಿಯಲ್ಲಿಲ್ಲ.