ಇರಾನಿನ ಫರ್ರೊಖ್‌ರೂ ಪಾರ್ಸಾ ಬಗ್ಗೆ ಗೊತ್ತಿರುವವರು ಹೇಳುತ್ತೀರಾ?

ಚನ್ನಗಿರಿ ಅಕ್ಕ:
ನಾನು ದಾವಣಗೆರೆ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. ಮಹಿಳಾ ಮೀಸಲು ಸೀಟು. ಮೊದಲ ಮೀಟಿಂಗಿನ ನೋಟಿಸಿಗೆ ನಮ್ಮನೆಯವರೇ ಸಹಿ ಹಾಕಿ ಕಳಿಸಿದ್ದರು. ಒಲೆ ಹಚ್ಚೋಕೆ ಹಳೇ ಪೇಪರ್ ತೆಗೆದಾಗ ಆ ನೋಟಿಸ್ ಸಿಕ್ಕಿತು. ಆಮೇಲೆ ಮನೆಯಲ್ಲಿ ಏನಾಯಿತು ಅಂತ ಕೇಳಬೇಡಿ!
ಈಗ ಮಗಳಿಗೆ ಕಾಲೇಜಿನಲ್ಲಿ ಐದು ನಿಮಿಷದ ಭಾಷಣ. ಇರಾನಿನ ಮೊದಲ ಮಹಿಳಾ ಮಂತ್ರಿ ಬಗ್ಗೆ. ಎಲ್ಲಿ ನೋಡಿದರೂ 1980ರ ಮರಣದಂಡನೆಯದ್ದೇ ಮಾತು. ಬದುಕಿದ್ದಾಗ ಏನು ಮಾಡಿದರು? ಪಾರ್ಲಿಮೆಂಟಿಗೆ ಬಂದಿದ್ದು ಹೇಗೆ?

ಮಂಡಕ್ಕಿ ಮೇಷ್ಟ್ರು:
ತಾಯಿಯಿಂದ ಶುರು ಮಾಡಿಸಿ ಅಕ್ಕ. ತಾಯಿ ಫಖ್ರ್ ಆಫಾಗ್ ಹೆಂಗಸರ ಪತ್ರಿಕೆ ನಡೆಸುತ್ತಿದ್ದರು. ಹೆಣ್ಣುಮಕ್ಕಳು ಓದಬೇಕು ಅಂತ ಬರೆದಿದ್ದಕ್ಕೆ ಮುಲ್ಲಾಗಳು ಸಿಟ್ಟಾದರು, ಸರ್ಕಾರ ಕುಟುಂಬವನ್ನೇ ಟೆಹರಾನ್ ಬಿಡಿಸಿ ಖೋಮ್ ಊರಿಗೆ ಕಳಿಸಿತು. ಪಾರ್ಸಾ ಹುಟ್ಟಿದ್ದು ಅಲ್ಲೇ, 1922ರಲ್ಲಿ. ಓದಿದ್ದು ಡಾಕ್ಟರಿಕೆ, ಮಾಡಿದ್ದು ಮೇಷ್ಟ್ರ ಕೆಲಸ (ನಮ್ಮ ಜಾತಿ!). ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಮುಂದೆ ರಾಣಿಯಾದ ಫರಾ ದೀಬಾ ಅವರ ವಿದ್ಯಾರ್ಥಿನಿ.
ಇರಾನಿನ ಹೆಂಗಸರಿಗೆ ವೋಟು ಸಿಕ್ಕಿದ್ದೇ 1963ರಲ್ಲಿ. ಅದೇ ವರ್ಷ ಆರು ಜನ ಹೆಂಗಸರು ಮಜ್ಲಿಸ್‌ಗೆ, ಅಂದರೆ ಅಲ್ಲಿನ ಪಾರ್ಲಿಮೆಂಟಿಗೆ, ಹೋದರು. ಅವರಲ್ಲಿ ಪಾರ್ಸಾ ಒಬ್ಬರು. 1968ರಲ್ಲಿ ಶಿಕ್ಷಣ ಮಂತ್ರಿ.

ಹೊಳಲ್ಕೆರೆ ವಕೀಲೆ:
ಆ ಆರು ಜನರಲ್ಲೇ ಇದ್ದ ಮೆಹ್ರಂಗೀಜ್ ದೌಲತ್‌ಶಾಹಿಯನ್ನೂ ಸೇರಿಸಿ. 1967ರ ಕುಟುಂಬ ರಕ್ಷಣಾ ಕಾಯ್ದೆಗೆ ಓಡಾಡಿದವರು. ಅದಕ್ಕೆ ಮುಂಚೆ ಗಂಡ ಮನಸ್ಸಾದಾಗ ಹೆಂಡತಿಯನ್ನು ಬಿಡಬಹುದಿತ್ತು. ಕಾಯ್ದೆ ಬಂದ ಮೇಲೆ ಕೋರ್ಟಿಗೆ ಬರಬೇಕಾಯಿತು. ಎರಡನೇ ಮದುವೆಗೂ ಕೋರ್ಟಿನ ಒಪ್ಪಿಗೆ. 1979ರಲ್ಲಿ ರಾಜನನ್ನು ಇಳಿಸಿದ ಕ್ರಾಂತಿಯಾಗಿದ್ದೇ ತಡ, ಆ ಕಾಯ್ದೆಯನ್ನು ಮೂಲೆಗೆ ತಳ್ಳಿದರು. ಆಗ ದೌಲತ್‌ಶಾಹಿ ಡೆನ್ಮಾರ್ಕಿನಲ್ಲಿ ರಾಯಭಾರಿ. ಹಾಗಾಗಿ ಉಳಿದುಕೊಂಡರು, ಪಾರ್ಸಾಗೆ ಆ ಅದೃಷ್ಟ ಇರಲಿಲ್ಲ.
ಒಂದು ಮಾತು ಮಾತ್ರ ಮುಚ್ಚಿಡಬೇಡಿ. 1963ರದ್ದು ಷಾ, ಅಂದರೆ ಇರಾನಿನ ರಾಜನ, ಕಾಲದ ಚುನಾವಣೆ. ಮೇಲಿನವರು ಒಪ್ಪದೆ ಯಾರೂ ಗೆಲ್ಲುತ್ತಿರಲಿಲ್ಲ.

ಚನ್ನಗಿರಿ ಅಕ್ಕ:
ಅಂದ್ರೆ ಅವರನ್ನೂ ಯಾರೋ ಕೂರಿಸಿದ್ದು! ನನಗೂ ಊರಲ್ಲಿ ಅದನ್ನೇ ಅನ್ನುತ್ತಾರೆ. ಕೂತ ಮೇಲೆ ಎರಡು ಬೋರ್‌ವೆಲ್ ರಿಪೇರಿ ಮಾಡಿಸಿದ್ದು ಯಾರು ಅಂತ ಮಾತ್ರ ಯಾರೂ ಕೇಳಲ್ಲ. ಮಗಳಿಗೆ ಆ ಕೋರ್ಟಿನ ವಿಷಯ ಜಾಸ್ತಿ ಹೇಳು ಅಂದಿದ್ದೇನೆ.
ಮೇಷ್ಟ್ರೇ, ಒಂದು ವಾಯ್ಸ್ ಮೆಸೇಜ್ ಹಾಕಿ. ಹೆಸರು ಹೇಳೋಕೆ ಹೋಗಿ ಬೆಳಗಿನಿಂದ ಮೂರು ಸಲ 'ಫಾರೂಕ್' ಅಂದಿದ್ದಾಳೆ.