ಮೂಗಿನ ಉಬ್ಬು ತೆಗೆಸುವ ಶಸ್ತ್ರಚಿಕಿತ್ಸೆ: ಒಳಿತೆಷ್ಟು, ಅಪಾಯವೆಷ್ಟು?

ಪ್ರಶ್ನೆ:
ನನಗೀಗ 27 ವರ್ಷ. ನನ್ನ ಮೂಗಿನ ಎಲುಬಿನ ಮೇಲೆ, ಪಕ್ಕದಿಂದ ನೋಡಿದರೆ ಎದ್ದು ಕಾಣುವ ಉಬ್ಬೊಂದಿದೆ. ಜೊತೆಗೆ, ರಾತ್ರಿ ಮಲಗಿದಾಗ ಎಡ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಒಬ್ಬ ವೈದ್ಯರು ಎರಡನ್ನೂ ಒಂದೇ ಸಲ ಸರಿಪಡಿಸಬಹುದೆಂದರೆ, ಮತ್ತೊಬ್ಬರು ಉಸಿರಾಟದ ತೊಂದರೆಗಷ್ಟೇ ಚಿಕಿತ್ಸೆ ಸಾಕು ಎಂದರು. ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಚುಚ್ಚುಮದ್ದಿನಿಂದಲೇ ಉಬ್ಬನ್ನು ಮರೆಮಾಚಬಹುದೆಂದೂ ಕೇಳಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನಾಲ್ಕು ವರ್ಷಗಳ ಹಿಂದೆ ನಾನು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ನೋವಿಗಿಂತ ಹೆಚ್ಚು ಕಾಡಿದ್ದು ಮೊದಲ ವಾರ ಬಾಯಿಂದಲೇ ಉಸಿರಾಡಬೇಕಾದದ್ದು. ನಡುರಾತ್ರಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತಿತ್ತು. ಏಳನೆಯ ದಿನ ಸ್ಪ್ಲಿಂಟ್ (ಮೂಗಿಗೆ ಆಧಾರವಾಗಿ ಕಟ್ಟಿದ್ದ ಗಟ್ಟಿ ಪಟ್ಟಿ) ತೆಗೆದಾಗ ಕನ್ನಡಿಯಲ್ಲಿ ಕಂಡದ್ದು ಊದಿಕೊಂಡ, ಯಾರದೋ ಮೂಗು. ಕಣ್ಣಿನ ಕೆಳಗಿನ ನೀಲಿ ಎರಡು ವಾರಗಳಲ್ಲಿ ಇಳಿಯಿತಾದರೂ, ಮೂಗಿನ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷವೇ ಬೇಕಾಯಿತು. ಅಲ್ಲಿಯವರೆಗೆ ಫಲಿತಾಂಶದ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಮೂಗಿನ ಮೇಲೆ ಭಾರ ಬೀಳದಂತೆ ಹಲವು ವಾರ ಕನ್ನಡಕವನ್ನು ಹಣೆಗೆ ಟೇಪಿನಿಂದ ತೂಗುಹಾಕಿಕೊಂಡು ಓಡಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಉಬ್ಬು ಹೋಗಿದೆ, ನನಗೆ ಸಮಾಧಾನವಿದೆ. ಬಲಕ್ಕೆ ಚೂರು ವಾಲಿರುವುದು ನನ್ನೊಬ್ಬನ ಕಣ್ಣಿಗೆ ಮಾತ್ರ ಕಾಣುತ್ತದೆ.

ಉತ್ತರ 2:
ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಬರೆಯುತ್ತಿದ್ದೇನೆ. ನಿಮ್ಮ ಎಡ ಹೊಳ್ಳೆ ಕಟ್ಟುವುದಕ್ಕೆ ಒಳಗಿನ ನಡುಗೋಡೆ ವಾಲಿರುವುದು ಕಾರಣವೋ ಅಥವಾ ಅಲರ್ಜಿಯಿಂದ ಒಳಪದರ ಊದಿಕೊಳ್ಳುವುದೋ ಎಂಬುದು ಮೊದಲು ಎಂಡೋಸ್ಕೋಪಿಯಿಂದ (ಮೂಗಿನೊಳಗೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಹಾಕಿ ನೋಡುವ ಪರೀಕ್ಷೆ) ಗೊತ್ತಾಗಬೇಕು. ಅಲರ್ಜಿಯಾಗಿದ್ದರೆ ಕತ್ತರಿಯ ಬದಲು ಸ್ಪ್ರೇಯಲ್ಲೇ ಗುಣ ಕಾಣಬಹುದು. ನಡುಗೋಡೆಯೇ ಕಾರಣವಾದರೆ, ಎರಡನ್ನೂ ಒಟ್ಟಿಗೆ ಮಾಡುವುದರಲ್ಲಿ ಅರ್ಥವಿದೆ: ಅರಿವಳಿಕೆ ಒಂದೇ ಸಲ, ಚೇತರಿಕೆಯೂ ಒಂದೇ ಸಲ.

ಆದರೆ ಚಂದಕ್ಕಾಗಿ ಮೂಗನ್ನು ಕಿರಿದು ಮಾಡುವಾಗ ಉಸಿರಿನ ದಾರಿಯೂ ಕಿರಿದಾಗಬಹುದೆಂಬುದನ್ನು ಹಲವರು ಮರೆಯುತ್ತಾರೆ. ಮೃದ್ವಸ್ಥಿಯನ್ನು (ಮೂಗಿಗೆ ಆಧಾರವಾದ, ಬಾಗುವಂಥ ಮೆದು ಎಲುಬು) ಅತಿಯಾಗಿ ತೆಗೆದರೆ ಆಧಾರ ತಪ್ಪಿ, ಮೂಗಿನ ನಡುಭಾಗ ಕುದುರೆಯ ಜೀನಿನಂತೆ ಕುಸಿಯಬಹುದು. ನಡುಗೋಡೆಯಲ್ಲಿ ತೂತಾದರೆ ಉಸಿರಾಡುವಾಗ ಸಿಳ್ಳೆಯಂಥ ಸದ್ದು ಬರುವುದೂ ಉಂಟು. ರಕ್ತಸ್ರಾವ, ಸೋಂಕು, ತುದಿಯ ಜೋಮು ಇವೆಲ್ಲ ಸಾಧ್ಯ. ಮರುಶಸ್ತ್ರಚಿಕಿತ್ಸೆ ಬೇಕಾದರೆ ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು, ಮತ್ತು ಆಗ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿ ತರಬೇಕಾಗುವುದರಿಂದ ಅದು ಮೊದಲಿನದಕ್ಕಿಂತ ಕಷ್ಟ. ನೀವು ಧೂಮಪಾನಿಯಾಗಿದ್ದರೆ ಮೊದಲೇ ಬಿಡಿ. ಗಾಯ ಮಾಯುವುದಕ್ಕೆ ಅದು ಅಡ್ಡಿ.

ಇನ್ನು ಫಿಲ್ಲರ್. ಅದು ಉಬ್ಬನ್ನು ತೆಗೆಯುವುದಿಲ್ಲ, ಸುತ್ತಲಿನ ತಗ್ಗನ್ನು ತುಂಬಿ ನೇರವಾಗಿ ಕಾಣುವಂತೆ ಮಾಡುತ್ತದೆ, ಅಷ್ಟೇ. ಅಪರೂಪಕ್ಕೆ ಅದು ರಕ್ತನಾಳದೊಳಗೆ ಸೇರಿದರೆ ಚರ್ಮ ಕೊಳೆಯಬಹುದು, ದೃಷ್ಟಿಯೇ ಹೋಗಬಹುದು. ಸೂಜಿಯೆಂದು ಹಗುರವಾಗಿ ಕಾಣಬೇಡಿ.

ಉತ್ತರ 3:
ಒಂದೇ ಮಾತು: ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಚಿತ್ರದಲ್ಲಿ ಯಾರ ಮೂಗಾದರೂ ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ನಾಲ್ಕೈದು ಅಡಿ ದೂರದಿಂದ ಬೇರೆಯವರ ಕೈಯಲ್ಲಿ ತೆಗೆಸಿ ನೋಡಿ. ಆಮೇಲೂ ಆ ಉಬ್ಬು ದಿನವಿಡೀ ಮನಸ್ಸನ್ನು ಕೊರೆಯುತ್ತಿದ್ದು, ಜನರೊಡನೆ ಬೆರೆಯಲು ತಡೆಯಾಗುತ್ತಿದ್ದರೆ, ಸರ್ಜನ್‌ಗಿಂತ ಮೊದಲು ಮನೋವೈದ್ಯರನ್ನು ಕಾಣುವುದು ಮೇಲು. ಅಂಥ ಕೊರಗು ಮೂಗು ಬದಲಾದರೂ ಉಳಿಯುವುದುಂಟು.

ಪ್ರಶ್ನಿಸಿದವರು:
ಧನ್ಯವಾದಗಳು. ಎಂಡೋಸ್ಕೋಪಿಯ ವಿಷಯವನ್ನು ಇಬ್ಬರು ವೈದ್ಯರೂ ಎತ್ತಿರಲಿಲ್ಲ. ಉಬ್ಬಿನ ಮಾತನ್ನು ಅದರ ವರದಿ ಬಂದ ಮೇಲೆ ನೋಡುತ್ತೇನೆ.